ಮಕ್ಕಳ ಗ್ಲಾಕೋಮಾಗೆ ಓಸಿಟಿ ಸ್ಕ್ಯಾನ್ ಎಷ್ಟು ನಂಬಬಹುದು? ಮಲೆನಾಡಿನ ತಂದೆ-ತಾಯಂದಿರಿಗೊಂದು ವಿಮರ್ಶೆ

ಗ್ಲಾಕೋಮಾ ಎಂದರೆ ಹೆಚ್ಚಾಗಿ ಕಣ್ಣೊಳಗಿನ ಒತ್ತಡ ಏರಿ ದೃಷ್ಟಿನರ ಸವೆಯುವ ಕಾಯಿಲೆ; ಓಸಿಟಿ ಎಂದರೆ ಆ ನರದ ಪದರದ ದಪ್ಪವನ್ನು ಬೆಳಕಿನಿಂದ ಅಳೆಯುವ ಸ್ಕ್ಯಾನು. ಮೊದಲೇ ತೀರ್ಪು. ಆರೇಳು ವರ್ಷ ದಾಟಿದ, ಕಾರ್ನಿಯಾ (ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ) ತಿಳಿಯಾಗಿರುವ, ಹೇಳಿದ ಕಡೆ ಕಣ್ಣಿಡುವ ಮಗುವಿನ ಗ್ಲಾಕೋಮಾ ಮೇಲೆ ನಿಗಾ ಇಡಲು ಓಸಿಟಿ ಸ್ಕ್ಯಾನಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇವೆ. ನಾಲ್ಕರಿಂದ ಆರು ವರ್ಷದವರಿಗೆ ಎರಡೂವರೆ. ಆ ಅರ್ಧ ಅಂಕ ಯಂತ್ರದ್ದಲ್ಲ, ಅದರ ಹಿಂದೆ ಕೂತವರ ತಾಳ್ಮೆಯದು. ತೊಟ್ಟಿಲ ಕೂಸಿಗೆ ಮೇಜಿನ ಮೇಲಿನ ಓಸಿಟಿಯಿಂದ ಪ್ರಯೋಜನವಿಲ್ಲ, ಸೊನ್ನೆ. ಇನ್ನು ರಿಪೋರ್ಟಿನಲ್ಲಿ ಅಚ್ಚಾಗಿ ಬರುವ ಕೆಂಪು, ಹಳದಿ, ಹಸಿರು ಬಣ್ಣಗಳಿಗೆ ಯಾವ ವಯಸ್ಸಿನ ಮಗುವಿನ ವಿಷಯದಲ್ಲೂ ಅಂಕ ಕೊಡಲಾರೆವು.

ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಕಡೆಯಿಂದ ಕಣ್ಣಿನ ಆಸ್ಪತ್ರೆಗೆ ಓಡಾಡುವ ಮನೆಗಳ ಫೈಲಿನಲ್ಲಿ ಇಂಥ ರಿಪೋರ್ಟು ಮೂರು ಬಗೆಯದು ಇರುತ್ತದೆ. ಒಂದು ಶಿವಮೊಗ್ಗದಲ್ಲಿ ತೆಗೆದದ್ದು, ಒಂದು ಮಣಿಪಾಲದಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ. ಮೂರರಲ್ಲೂ ಬೇರೆ ಬೇರೆ ಅಂಕೆ. ಮಗುವಿನ ಕಣ್ಣು ಕೆಡುತ್ತಿದೆಯೋ ಇಲ್ಲವೋ ಎನ್ನುವುದು ಆ ಮೂರು ಹಾಳೆ ಜೋಡಿಸಿ ನೋಡಿದರೆ ತಿಳಿಯುವುದಿಲ್ಲ. ಅದಕ್ಕೆ ಕಾರಣ ಯಂತ್ರದ ಕೆಲಸದ ರೀತಿಯಲ್ಲೇ ಇದೆ.

ಓಸಿಟಿ ಕಣ್ಣಿನೊಳಕ್ಕೆ ಸುಮಾರು 840 ನ್ಯಾನೋಮೀಟರ್ ಆಸುಪಾಸಿನ ಅವಗೆಂಪು ಬೆಳಕು ಬಿಟ್ಟು, ಅಕ್ಷಿಪಟಲದ ಪದರಗಳಿಂದ ಹಿಂದಿರುಗುವ ಬೆಳಕನ್ನು ಅಳೆಯುತ್ತದೆ. ಎಕ್ಸ್-ರೇ ಅಲ್ಲ, ಸೂಜಿ ಇಲ್ಲ, ಕಣ್ಣು ಮುಟ್ಟುವುದಿಲ್ಲ. ಎಷ್ಟು ಸಲ ತೆಗೆದರೂ ಮಗುವಿಗೆ ತೊಂದರೆಯಿಲ್ಲ. ಗ್ಲಾಕೋಮಾದಲ್ಲಿ ನೋಡುವುದು ದೃಷ್ಟಿನರ ಕಣ್ಣಿನೊಳಗೆ ಕಾಣಿಸುವ ಬಿಲ್ಲೆಯ, ಅಂದರೆ ಡಿಸ್ಕಿನ, ಸುತ್ತಲಿನ ನರತಂತು ಪದರವನ್ನು. ವೈದ್ಯರ ಬಾಯಲ್ಲಿ ಅದು ಆರ್‌ಎನ್‌ಎಫ್‌ಎಲ್. ಝೈಸ್ ಕಂಪನಿಯ ಸಿರಸ್ ಯಂತ್ರ ಡಿಸ್ಕಿನ ಸುತ್ತ 6 ಮಿ.ಮೀ. ಚೌಕದಲ್ಲಿ 200ಕ್ಕೆ 200, ಅಂದರೆ 40,000 ಜಾಗದಲ್ಲಿ ಅಳೆದು, ಆ ರಾಶಿಯಿಂದ 3.46 ಮಿ.ಮೀ. ವ್ಯಾಸದ ಒಂದು ವೃತ್ತ ಆರಿಸಿಕೊಂಡು ಅದರ ಮೇಲಿನ ದಪ್ಪ ಹೇಳುತ್ತದೆ. ಸೆಕೆಂಡಿಗೆ 27,000 ಜಾಗ ಓದುವ ಮಾದರಿಗೆ ಇದು ಒಂದೂವರೆ ಸೆಕೆಂಡಿನ ಕೆಲಸ. ಹೈಡೆಲ್‌ಬರ್ಗ್ ಕಂಪನಿಯ ಸ್ಪೆಕ್ಟ್ರಾಲಿಸ್ ಬೇರೆ ದಾರಿ ಹಿಡಿಯುತ್ತದೆ: ಕಣ್ಣಿನ ಚಲನೆಯನ್ನು ಹಿಂಬಾಲಿಸುತ್ತಾ ಒಂದೇ ವೃತ್ತವನ್ನು ಹಲವು ಸಲ ಓದಿ ಸರಾಸರಿ ತೆಗೆಯುತ್ತದೆ. ಮಗುವಿನ ಮಟ್ಟಿಗೆ ಇದರ ದೊಡ್ಡ ಅನುಕೂಲ ಏನೆಂದರೆ, ಮುಂದಿನ ಭೇಟಿಯಲ್ಲಿ ರಕ್ತನಾಳಗಳ ಗುರುತು ಹಿಡಿದು ಹಿಂದಿನ ಜಾಗದಲ್ಲೇ ಮತ್ತೆ ವೃತ್ತ ಹಾಕುತ್ತದೆ. ಅನನುಕೂಲ, ಕಣ್ಣು ತುಂಬಾ ಅಲುಗಿದರೆ ಹಿಂಬಾಲಿಸಲಾರದೆ ನಿಂತೇಬಿಡುತ್ತದೆ, ಮಗು ಅಷ್ಟರಲ್ಲಿ ಬೇಸತ್ತಿರುತ್ತದೆ.

ಆರೋಗ್ಯವಾದ ಮಗುವಿನ ಕಣ್ಣಿನಲ್ಲಿ ಈ ಪದರದ ಸರಾಸರಿ ದಪ್ಪ ಸುಮಾರು 100 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು). ಮೇಲೆ ಮತ್ತು ಕೆಳಗೆ ದಪ್ಪ, ಮೂಗಿನ ಕಡೆಗೂ ಕಿವಿಯ ಕಡೆಗೂ ತೆಳು. ಅದಕ್ಕೇ ಗ್ರಾಫಿನಲ್ಲಿ ಎರಡು ಗುಡ್ಡ ಕಾಣುತ್ತವೆ. ಗ್ಲಾಕೋಮಾ ಹೆಚ್ಚಾಗಿ ಮೊದಲು ಸವೆಸುವುದು ಕೆಳಗಿನ ಗುಡ್ಡವನ್ನು.

ಈಗ ಬಣ್ಣದ ವಿಷಯ. ಈ ಎರಡೂ ಯಂತ್ರಗಳು ತಮ್ಮೊಳಗೆ ಇಟ್ಟುಕೊಂಡಿರುವ ಸಾಮಾನ್ಯ ಕಣ್ಣುಗಳ ಲೆಕ್ಕ 18 ವರ್ಷ ಮೇಲ್ಪಟ್ಟವರದು. ಮಗುವಿನ ಅಂಕೆಯನ್ನು ದೊಡ್ಡವರ ಸಾಲಿನಲ್ಲಿ ನಿಲ್ಲಿಸಿ ಹಸಿರು, ಕೆಂಪು ಎನ್ನುವುದರಲ್ಲಿ ಅರ್ಥವಿಲ್ಲ. ಹುಟ್ಟಿದ ದಿನಾಂಕ ಸರಿಯಾಗಿ ತುಂಬಿದರೆ ಕೆಲವು ಯಂತ್ರ ಮಗುವಿಗೆ ಬಣ್ಣ ಹಚ್ಚುವುದೇ ಇಲ್ಲ, ಬೂದಾಗಿ ಬಿಡುತ್ತವೆ. ಹಾಗಾಗಿ ಎಂಟು ವರ್ಷದ ಮಗುವಿನ ರಿಪೋರ್ಟಿನಲ್ಲಿ ಅಚ್ಚುಕಟ್ಟಾದ ಬಣ್ಣ ಕಂಡರೆ ಮೊದಲು ಹುಟ್ಟಿದ ವರ್ಷ ನೋಡಿ. ಕೌಂಟರಿನಲ್ಲಿ ತಪ್ಪಾಗಿ ಬಿದ್ದಿರಬಹುದು.

ಬಣ್ಣದ ಮೋಸ ಎರಡು ತೆರನದು, ಅದರಲ್ಲಿ ಹಸಿರಿನದೇ ಹೆಚ್ಚು ಅಪಾಯ. ಮಗುವಿನ ಪದರ 105 ಮೈಕ್ರಾನಿನಿಂದ 88ಕ್ಕೆ ಇಳಿದಿದೆ ಎಂದುಕೊಳ್ಳಿ. ಅದು ಭಾರೀ ನಷ್ಟ. ಆದರೆ 88 ಎನ್ನುವುದು ದೊಡ್ಡವರ ಲೆಕ್ಕದಲ್ಲಿ ಆರಾಮಾಗಿ ಹಸಿರು. ಮನೆಯವರು ನಿಶ್ಚಿಂತೆಯಿಂದ ಡ್ರಾಪ್ಸ್ ನಿಲ್ಲಿಸಿಬಿಡುತ್ತಾರೆ. ಕೆಂಪಿನ ಮೋಸ ಸಮೀಪದೃಷ್ಟಿಯ ಮಕ್ಕಳಲ್ಲಿ. ಉದ್ದ ಬೆಳೆದ ಕಣ್ಣಿನಲ್ಲಿ ನರತಂತುಗಳ ಗುಡ್ಡಗಳು ಕಿವಿಯ ಕಡೆಗೆ ಸರಿದಿರುತ್ತವೆ. ಯಂತ್ರ ಹುಡುಕುವ ಜಾಗದಲ್ಲಿ ಗುಡ್ಡ ಇಲ್ಲ, ಆದ್ದರಿಂದ ಕೆಂಪು. ನರ ಗಟ್ಟಿಯಾಗಿಯೇ ಇರುತ್ತದೆ. ಗ್ರಾಫ್ ನೋಡಿದರೆ ಇದು ಗೊತ್ತಾಗುತ್ತದೆ: ಗುಡ್ಡದ ಎತ್ತರ ಇಳಿದಿಲ್ಲ, ಪಕ್ಕಕ್ಕೆ ಸರಿದಿದೆ ಅಷ್ಟೆ.

ಹಾಗಾದರೆ ಮಗುವಿಗೆ ಅಳತೆಗೋಲು ಯಾವುದು? ಎರಡು ಇವೆ. ಒಂದು, ಅದೇ ಮಗುವಿನ ಹಿಂದಿನ ಸ್ಕ್ಯಾನು. ಇನ್ನೊಂದು, ಕಾಯಿಲೆ ಒಂದೇ ಕಣ್ಣಿನದಾಗಿದ್ದರೆ ಅದರ ಜೋಡಿ ಕಣ್ಣು. ಚೆಂಡು ಬಡಿದು ಒತ್ತಡ ಏರಿದ ಕಣ್ಣು, ಮುಖದ ಒಂದು ಬದಿಗೆ ಕೆಂಪು ಮಚ್ಚೆ ಇರುವ ಸ್ಟರ್ಜ್-ವೆಬರ್ ಮಗುವಿನ ಕಣ್ಣು, ಇಂಥ ಕಡೆ ಆರೋಗ್ಯದ ಕಣ್ಣು ಒಳ್ಳೆಯ ಸಾಕ್ಷಿ. ಎರಡರ ಸರಾಸರಿ ದಪ್ಪದ ಅಂತರ 9–10 ಮೈಕ್ರಾನ್ ದಾಟಿದರೆ, ಚಿತ್ರ ಎರಡೂ ಚೆನ್ನಾಗಿದ್ದು ಕನ್ನಡಕದ ನಂಬರಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲದಿದ್ದರೆ, ಅದನ್ನು ಅಲಕ್ಷಿಸಬಾರದು.

ಹಿಂದಿನ ಸ್ಕ್ಯಾನಿನ ಜೊತೆ ಹೋಲಿಸುವುದಕ್ಕೆ ಒಂದು ಕಟ್ಟುನಿಟ್ಟು ಇದೆ: ಅದೇ ಯಂತ್ರವಾಗಿರಬೇಕು. ಬೇರೆ ಕಂಪನಿಯ ಯಂತ್ರ ಬಿಡಿ, ಅದೇ ಕಂಪನಿಯ ಹಳೇ ಸ್ಟ್ರೇಟಸ್ ಕೂಡ ಸಿರಸ್‌ಗಿಂತ ದಪ್ಪ ಜಾಸ್ತಿ ತೋರಿಸುತ್ತಿತ್ತು. ಪದರದ ಗಡಿ ಎಲ್ಲಿ ಎಂದು ಪ್ರತಿ ಯಂತ್ರವೂ ತನ್ನದೇ ಲೆಕ್ಕದಲ್ಲಿ ಗುರುತಿಸುತ್ತದೆ, ವೃತ್ತದ ಅಳತೆಯೂ ತುಸು ಬೇರೆ. ಮನೆಯಲ್ಲಿ ಒಂದು ತಕ್ಕಡಿಯಲ್ಲಿ, ಮಂಡಿಯಲ್ಲಿ ಇನ್ನೊಂದರಲ್ಲಿ ತೂಗಿದ ಅಡಿಕೆಯ ಲೆಕ್ಕ ಇದು. ಕೊರತೆ ಮೂಟೆಯದೋ ತಕ್ಕಡಿಯದೋ ತಿಳಿಯುವುದಿಲ್ಲ. ಶಿವಮೊಗ್ಗದಲ್ಲಿ 94, ಬೆಂಗಳೂರಿನಲ್ಲಿ 86 ಬಂದರೆ ಎಂಟು ಮೈಕ್ರಾನ್ ನಷ್ಟವಾಯಿತೆಂದು ಗಾಬರಿಯಾಗುವ ಹಾಗಿಲ್ಲ, ಏನೂ ಆಗಿಲ್ಲವೆನ್ನುವ ಹಾಗೂ ಇಲ್ಲ. ಆಪರೇಷನ್ನಿಗೆ ಬೆಂಗಳೂರಿಗೋ ಮಣಿಪಾಲಕ್ಕೋ ಹೋಗಲೇಬೇಕಾಗುತ್ತದೆ, ಸರಿ. ಸ್ಕ್ಯಾನು ಮಾತ್ರ ಊರಿಗೆ ಹತ್ತಿರದ ಒಂದೇ ಕಡೆ ಇಟ್ಟುಕೊಳ್ಳುವುದು ಜಾಣತನ. ದೂರದ ದೊಡ್ಡ ಆಸ್ಪತ್ರೆಯ ಹೊಸ ಯಂತ್ರಕ್ಕಿಂತ ಶಿವಮೊಗ್ಗದ ಹಳೆಯ ಯಂತ್ರದಲ್ಲಿ ಸಾಲಾಗಿ ತೆಗೆದ ಆರು ಸ್ಕ್ಯಾನು ಮಗುವಿನ ಬಗ್ಗೆ ಹೆಚ್ಚು ಹೇಳುತ್ತವೆ.

ಒಂದೇ ಯಂತ್ರದಲ್ಲೂ ಎಲ್ಲ ಇಳಿಕೆಯೂ ಇಳಿಕೆಯಲ್ಲ. ಅದೇ ಮಗುವನ್ನು ಅದೇ ದಿನ ಎರಡು ಸಲ ಕೂರಿಸಿದರೂ ಸರಾಸರಿಯಲ್ಲಿ ಕೆಲವು ಮೈಕ್ರಾನ್ ಹೆಚ್ಚುಕಡಿಮೆ ಬರುತ್ತದೆ. ಸರಾಸರಿ ಸುಮಾರು 5 ಮೈಕ್ರಾನಿಗಿಂತ ಜಾಸ್ತಿ ಇಳಿದಿರಬೇಕು, ಮೇಲಿನ ಅಥವಾ ಕೆಳಗಿನ ಕಾಲುಭಾಗವೊಂದರಲ್ಲೇ ಆದರೆ 8–10 ಮೈಕ್ರಾನ್. ಮತ್ತು ಆ ಇಳಿಕೆ ಇನ್ನೊಂದು ಸ್ಕ್ಯಾನಿನಲ್ಲಿ ಮತ್ತೆ ಕಾಣಬೇಕು. ಆಗ ನಂಬಿ. ಸಿರಸ್‌ನ ಪ್ರಗತಿ ಲೆಕ್ಕ ಎರಡು ಆರಂಭದ ಸ್ಕ್ಯಾನು ಕೇಳುತ್ತದೆ, ಮೂರನೆಯದರಿಂದ ಹೋಲಿಸಲು ಶುರುಮಾಡುತ್ತದೆ. ಒಮ್ಮೆ ಇಳಿದರೆ ನಷ್ಟ ಇರಬಹುದು ಎನ್ನುತ್ತದೆ, ಮರುಸಲವೂ ಅಲ್ಲೇ ಇಳಿದರೆ ಮಾತ್ರ ನಷ್ಟದ ಸಂಭವ ಹೆಚ್ಚು ಎನ್ನುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲೇ, ಅಥವಾ ಕೆಲವು ವಾರಗಳೊಳಗೆ, ಎರಡು ಒಳ್ಳೆಯ ಸ್ಕ್ಯಾನು ಮಾಡಿಸಿಟ್ಟುಕೊಳ್ಳಿ. ಆರಂಭದ ಸ್ಕ್ಯಾನು ಕಳಪೆಯಾದರೆ ಮುಂದಿನ ಹತ್ತು ವರ್ಷದ ಹೋಲಿಕೆಯೂ ಅದಕ್ಕೇ ತಗುಲಿಕೊಳ್ಳುತ್ತದೆ. ಅಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಇನ್ನು ಸ್ಕ್ಯಾನ್ ಕೋಣೆಯ ಒಳಗೆ. ಮಕ್ಕಳಲ್ಲಿ ಸ್ಕ್ಯಾನು ಕೆಡುವುದು ಹೆಚ್ಚಾಗಿ ಇಲ್ಲಿ, ಅದೂ ತಪ್ಪಿಸಬಹುದಾದ ಕಾರಣಕ್ಕೆ.

ಕ್ರಮ ಮೊದಲು ಸರಿಯಿರಬೇಕು. ಕಣ್ಣು ಮುಟ್ಟುವ ಪರೀಕ್ಷೆಗಳು, ಅಂದರೆ ಹಳದಿ ಬಣ್ಣ ಹಾಕಿ ಒತ್ತಡ ಅಳೆಯುವುದು, ಗಾಜಿನ ಮಸೂರ ಒತ್ತಿ ಕೋನ ನೋಡುವ ಗೋನಿಯೋಸ್ಕೋಪಿ, ಇವೆಲ್ಲ ಸ್ಕ್ಯಾನಿನ ನಂತರ. ಮುಟ್ಟಿದ ಕಾರ್ನಿಯಾದ ಮೇಲೆ ಕಣ್ಣೀರಿನ ಪೊರೆ ಹರಿದು ಬೆಳಕು ಚದುರುತ್ತದೆ, ಸಿಗ್ನಲ್ ಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಮಗು ಮತ್ತೆ ಯಾವ ಯಂತ್ರಕ್ಕೂ ಗಲ್ಲ ಕೊಡುವುದಿಲ್ಲ. ಮರಗಟ್ಟಿಸುವ ಹನಿ ಬೇಡದ ಐಕೇರ್ ಮೀಟರಿನಲ್ಲಿ ಒತ್ತಡ ನೋಡುವುದಾದರೆ ಅಷ್ಟು ತೊಂದರೆಯಿಲ್ಲ, ಆದರೂ ಸ್ಕ್ಯಾನ್ ಮೊದಲಾದರೆ ಒಳ್ಳೆಯದು.

ಪಾಪೆ ಹಿಗ್ಗಿಸುವ ಹನಿ ಎಲ್ಲರಿಗೂ ಬೇಕಿಲ್ಲ. ಪಾಪೆ 3 ಮಿ.ಮೀ. ಮೇಲಿದ್ದರೆ ಸಾಮಾನ್ಯವಾಗಿ ಸಾಕು. ಪೈಲೋಕಾರ್ಪಿನ್ ಹನಿ ನಡೆಯುತ್ತಿದ್ದರೆ ಪಾಪೆ ಕಿರಿದಾಗಿರುತ್ತದೆ, ಆಗ ಬೇಕಾಗುತ್ತದೆ. ಒಂದು ಸಲ ಹಿಗ್ಗಿಸಿ ತೆಗೆದರೆ ಮುಂದೆಯೂ ಹಾಗೇ ತೆಗೆಯಬೇಕು. ಟ್ರಾಪಿಕಾಮೈಡ್ ಹಾಕಿದರೆ ಹತ್ತಿರದ ಮಂಜು ಅಂದೇ ಸಂಜೆಯೊಳಗೆ ಇಳಿಯುತ್ತದೆ. ಸೈಕ್ಲೋಪೆಂಟೊಲೇಟ್ ಒಂದು ದಿನ ತೆಗೆದುಕೊಳ್ಳಬಹುದು. ಅಟ್ರೋಪಿನ್ ಆದರೆ ವಾರದ ಮೇಲೂ ಓದಲು ಕಷ್ಟ. ಪರೀಕ್ಷೆ ಹತ್ತಿರವಿರುವ ಶಾಲೆಯ ಮಗುವಿಗೆ ಇದನ್ನು ಮೊದಲೇ ಕೇಳಿಕೊಳ್ಳಿ.

ಕೂರಿಸುವುದು. ಯಂತ್ರದ ಗಲ್ಲಪಟ್ಟಿ ದೊಡ್ಡವರ ಅಳತೆಯದು. ಮಗು ಕುತ್ತಿಗೆ ಚಾಚಿ ತೂಗಾಡುತ್ತಿದ್ದರೆ ಹಣೆ ಪಟ್ಟಿಯಿಂದ ಬಿಟ್ಟುಕೊಳ್ಳುತ್ತದೆ, ತಲೆ ವಾಲುತ್ತದೆ. ವಾಲಿದ ತಲೆಯಲ್ಲಿ ಡಿಸ್ಕಿನ ಮೇಲಿನ ಗುಡ್ಡ ಒಂದು ಬದಿಗೆ ತಿರುಗಿ ಅಂಕೆಗಳು ಅದಲುಬದಲಾಗುತ್ತವೆ. ಎತ್ತರ ಹೆಚ್ಚಿಸಬಹುದಾದ ಸ್ಟೂಲು, ಕಾಲಿಗೆ ಆಸರೆ, ಹಿಂದಿನಿಂದ ತಲೆಗೆ ಅಮ್ಮನದೋ ಅಪ್ಪನದೋ ಅಂಗೈ. ಮೊಣಕಾಲಿನ ಮೇಲೆ ನಿಲ್ಲಿಸುವುದೂ ನಡೆಯುತ್ತದೆ. ಒಳಗಿನ ಗುರುತು ನೋಡಲಾರದ ಕಣ್ಣಿಗೆ, ದೃಷ್ಟಿ ತುಂಬಾ ಕಡಿಮೆಯಿರುವ ಕಣ್ಣಿಗೆ, ಹೊರಗಿನ ದೀಪವನ್ನು ಇನ್ನೊಂದು ಕಣ್ಣಿಗೆ ತೋರಿಸಬೇಕು. ಮಾತಿನ ವಿಷಯ: "ಅಲುಗಾಡಬೇಡ" ಎಂದು ಗದರಿದಷ್ಟೂ ಕಣ್ಣು ಅಲುಗುತ್ತದೆ. "ಅಪ್ಪೀ, ಒಳಗೆ ಒಂದು ನಕ್ಷತ್ರ ಇದೆ ನೋಡು, ಕಣ್ಣು ಎರಡು ಸಲ ಮಿಟುಕಿಸು, ಈಗ ದೊಡ್ಡದಾಗಿ ಬಿಡು" ಎಂದು, ಕಣ್ಣು ಬಿಟ್ಟ ಕೂಡಲೇ ಗುಂಡಿ ಒತ್ತುವವರು ಕೆಲಸ ಬಲ್ಲವರು. ಮಿಟುಕಿಸಿದ ಮೇಲಿನ ಎರಡು ಮೂರು ಸೆಕೆಂಡು ಕಾರ್ನಿಯಾ ಹೊಳಪಾಗಿರುತ್ತದೆ, ಸಿಗ್ನಲ್ ಸಿಗುವುದು ಆಗಲೇ. ಕಣ್ಣು ಒಣಗಿದ್ದರೆ ಒಂದು ಹನಿ ಕೃತಕ ಕಣ್ಣೀರು ಹಾಕಿ ನಿಮಿಷ ಬಿಟ್ಟು ತೆಗೆಯಬಹುದು. ಎಣ್ಣೆಯಂತೆ ದಪ್ಪ ಜೆಲ್ ಬೇಡ.

ಯಾವ ಕಣ್ಣು ಮೊದಲು? ನಿಗಾ ಬೇಕಾದದ್ದು. ಬಲಗಣ್ಣಿನಿಂದ ಶುರುಮಾಡುವ ರೂಢಿ ದೊಡ್ಡವರಿಗೆ ಸರಿ. ಐದು ವರ್ಷದ ಮಗುವಿನ ಗಮನ ಮೂರು ನಾಲ್ಕು ಹೊಡೆತಕ್ಕೆ ಮುಗಿಯುತ್ತದೆ.

ಕಣ್ಣು ಓಲಾಡುವ, ಅಂದರೆ ನಿಸ್ಟಾಗ್ಮಸ್ ಇರುವ ಮಕ್ಕಳಲ್ಲಿ ತಲೆಯನ್ನು ಒಂದು ಬದಿಗೆ ತಿರುಗಿಸಿದಾಗ ಓಲಾಟ ಕಡಿಮೆಯಾಗುವ ಕೋನ ಇರುತ್ತದೆ. ಮನೆಯಲ್ಲಿ ಟಿವಿ ನೋಡುವಾಗ ಮಗು ತಲೆ ಯಾವ ಕಡೆ ತಿರುಗಿಸುತ್ತದೆ ಎಂದು ಗಮನಿಸಿ ಹೇಳಿದರೆ ಕೋಣೆಯಲ್ಲಿ ಅರ್ಧ ಕೆಲಸ ಮುಗಿದ ಹಾಗೆ. ಹುಟ್ಟು ಪೊರೆ ತೆಗೆಸಿದ ಮಗುವಿನಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಅದನ್ನು ಹಾಕಿಯೇ ತೆಗೆದರೆ ಚಿತ್ರ ಗಟ್ಟಿ ಬರುತ್ತದೆ. ಆ ಮಕ್ಕಳಿಗೆ ಆಪರೇಷನ್ ಆಗಿ ಎಷ್ಟೋ ವರ್ಷದ ಮೇಲೆ ಗ್ಲಾಕೋಮಾ ಬರಬಹುದು, ಹಾಗಾಗಿ ಅವರ ನಿಗಾ ಎಂದೂ ಮುಗಿಯುವುದಿಲ್ಲ.

ಹಾಳೆ ಕೈಗೆ ಬಂದ ಮೇಲೆ ಕೌಂಟರಿನಿಂದ ಹೊರಡುವ ಮುಂಚೆ ನೋಡಬೇಕಾದ್ದು ಇಷ್ಟು. ಸಿಗ್ನಲ್ ಬಲ: ಸಿರಸ್‌ನಲ್ಲಿ 10ಕ್ಕೆ ಕನಿಷ್ಠ 6. ಈ ಸಲ ಬರೀ 6 ಬಂದು, ಹಿಂದಿನದು 9 ಇದ್ದರೆ ಹೋಲಿಕೆ ಬೇಡ; ಸಿಗ್ನಲ್ ಇಳಿದಷ್ಟೂ ಪದರ ಸುಳ್ಳೇ ತೆಳುವಾಗಿ ಕಾಣುತ್ತದೆ. ಡಿಸ್ಕಿನ ಸುತ್ತ ಯಂತ್ರ ಎಳೆದ ಗೆರೆ: ಸಿರಸ್‌ನಲ್ಲಿ ಕಪ್ಪು ಗೆರೆ ಡಿಸ್ಕಿನ ಅಂಚು, ಕೆಂಪು ಗೆರೆ ಡಿಸ್ಕಿನ ನಡುವಿನ ಗುಳಿಯ ಅಂಚು, ನೇರಳೆ ವೃತ್ತ ಅಳತೆಯದು. ವೃತ್ತ ಡಿಸ್ಕಿನಿಂದ ಒಂದು ಕಡೆಗೆ ಸರಿದಿದ್ದರೆ ಹತ್ತಿರವಾದ ಬದಿ ದಪ್ಪ, ದೂರವಾದ ಬದಿ ತೆಳು ಎಂದು ಬರುತ್ತದೆ. ರಕ್ತನಾಳ ನಡುವೆ ಕತ್ತರಿಸಿ ಪಕ್ಕಕ್ಕೆ ಜೋಡಿಸಿದಂತೆ ಕಂಡರೆ ಮಗು ಆ ಕ್ಷಣ ಕಣ್ಣು ಅಲುಗಿಸಿದೆ. ಗ್ರಾಫ್ ಎಲ್ಲಾದರೂ ಸೊನ್ನೆಗೆ ಧುಮುಕಿದ್ದರೆ ಅದು ಕಾಯಿಲೆಯಲ್ಲ, ಯಂತ್ರಕ್ಕೆ ಅಲ್ಲಿ ಪದರದ ಗಡಿ ಸಿಕ್ಕಿಲ್ಲ. ನರತಂತು ಪೂರ್ತಿ ಸತ್ತ ಕಣ್ಣಿನಲ್ಲೂ ದಪ್ಪ ಸೊನ್ನೆಯಾಗುವುದಿಲ್ಲ. ಇವುಗಳಲ್ಲಿ ಒಂದು ಇದ್ದರೂ ಅಲ್ಲೇ ಮತ್ತೆ ತೆಗೆಸಿ. ಮರುದಿನ ಸಾಗರದಿಂದ ವಾಪಸು ಬರುವುದಕ್ಕಿಂತ ಹತ್ತು ನಿಮಿಷ ಕಾಯುವುದು ಲೇಸು.

ಡಿಸ್ಕಿನ ಸ್ಕ್ಯಾನು ಎಷ್ಟು ಸಲ ತೆಗೆದರೂ ಸರಿ ಬರದಿದ್ದರೆ ಮ್ಯಾಕ್ಯುಲಾದ್ದು, ಅಂದರೆ ಅಕ್ಷಿಪಟಲದಲ್ಲಿ ನೇರ ನೋಟದ ನಡುಭಾಗದ್ದು, ಕೇಳಿ ನೋಡಿ. ಅಲ್ಲಿ ಅಳೆಯುವುದು ಗ್ಯಾಂಗ್ಲಿಯಾನ್ ಕೋಶಗಳ ಪದರ. ಅದೂ ಗ್ಲಾಕೋಮಾದಲ್ಲಿ ಸವೆಯುತ್ತದೆ. ಡಿಸ್ಕ್ ಸ್ಕ್ಯಾನಿಗೆ ಮಗು ಒಂದು ಬದಿಗೆ ನೋಡಬೇಕು, ಮ್ಯಾಕ್ಯುಲಾದ್ದಕ್ಕೆ ನೇರ ನೋಡಿದರೆ ಆಯಿತು. ಚಿಕ್ಕವರಲ್ಲಿ ಹೆಚ್ಚು ಯಶಸ್ಸು ಇದಕ್ಕೇ. ಸಮೀಪದೃಷ್ಟಿಯ ಮಕ್ಕಳಲ್ಲೂ ಡಿಸ್ಕಿನ ಅಂಚು ಓರೆಯಾಗಿರುವಾಗ ಇದು ಹೆಚ್ಚು ನೆಚ್ಚಿಕೆಯದು. ಎರಡನ್ನೂ ಒಟ್ಟಿಗೆ ಮಾಡಿಸಿಟ್ಟುಕೊಳ್ಳುವುದು ನಮ್ಮ ಸಲಹೆ.

ಕಣ್ಣಿನ ಉದ್ದದ ಪ್ರಶ್ನೆಗೆ ಸ್ವಲ್ಪ ಹೆಚ್ಚು ಜಾಗ ಬೇಕು, ಮಕ್ಕಳ ಗ್ಲಾಕೋಮಾದಲ್ಲಿ ಓಸಿಟಿಯನ್ನು ದೊಡ್ಡವರದ್ದಕ್ಕಿಂತ ಬೇರೆ ಮಾಡುವುದು ಇದೇ. ಹುಟ್ಟಿದ ಕೂಸಿನ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿ.ಮೀ., ದೊಡ್ಡವರದು 23–24. ಮಗುವಿನ ಕಣ್ಣಿನ ಗೋಡೆ ಮೆತ್ತಗೆ, ಮೂರು ವರ್ಷದೊಳಗೆ ಒತ್ತಡ ಏರಿದರೆ ಕಣ್ಣೇ ಹಿಗ್ಗುತ್ತದೆ. ಯಂತ್ರಕ್ಕೆ ಇದು ಗೊತ್ತಿಲ್ಲ. ಸಿರಸ್ ಎಲ್ಲ ಕಣ್ಣೂ 24.46 ಮಿ.ಮೀ. ಎಂದುಕೊಂಡು ವೃತ್ತ ಹಾಕುತ್ತದೆ. 27 ಮಿ.ಮೀ.ಗೆ ಹಿಗ್ಗಿದ ಕಣ್ಣಿನಲ್ಲಿ ಆ ವೃತ್ತ ಡಿಸ್ಕಿನಿಂದ ದೂರ ಬೀಳುತ್ತದೆ. ದೂರ ಹೋದಷ್ಟೂ ನರತಂತು ಹರಡಿ ತೆಳುವಾಗಿರುತ್ತದೆ. ಕಣ್ಣಿನ ಉದ್ದ ಒಂದು ಮಿ.ಮೀ. ಹೆಚ್ಚಿದರೆ ಅಂಕೆ ಸುಮಾರು 2 ಮೈಕ್ರಾನ್ ಇಳಿಯುತ್ತದೆ. ಒಂದು ಭೇಟಿಯಲ್ಲಿ ಇದು ಲೆಕ್ಕಕ್ಕಿಲ್ಲ. ಎಂಟರಿಂದ ಹದಿನಾಲ್ಕು ವರ್ಷದವರೆಗೆ ಕನ್ನಡಕದ ನಂಬರು ಏರುತ್ತಲೇ ಹೋಗುವ ಮಗುವಿನಲ್ಲಿ ಕೂಡುತ್ತಾ ಹೋಗಿ ಗ್ಲಾಕೋಮಾ ಕೆಡುತ್ತಿರುವಂತೆ ಕಾಣುತ್ತದೆ. ಪರಿಹಾರ ಸುಲಭ: ಪ್ರತಿ ಓಸಿಟಿ ಜೊತೆ ಕಣ್ಣಿನ ಉದ್ದದ ಅಳತೆಯನ್ನೂ ಕನ್ನಡಕದ ನಂಬರನ್ನೂ ಅದೇ ಹಾಳೆಯ ಮೂಲೆಯಲ್ಲಿ ಬರೆಸಿಕೊಳ್ಳುವುದು. ಸ್ಪೆಕ್ಟ್ರಾಲಿಸ್‌ನಲ್ಲಿ ಕಾರ್ನಿಯಾದ ಬಾಗು ತುಂಬಿಸುವ ಜಾಗ ಇದೆ. ಯಾರೂ ತುಂಬಿಸದಿದ್ದರೆ 7.7 ಮಿ.ಮೀ. ಎಂದೇ ಇಟ್ಟುಕೊಳ್ಳುತ್ತದೆ. ಮೊದಲ ಭೇಟಿಯಲ್ಲಿ ತುಂಬಿಸಿದ್ದನ್ನು ಆಮೇಲೆ ಬದಲಿಸಬಾರದು.

ಕೈಗೂಸಿನ ವಿಷಯಕ್ಕೆ ಬಂದರೆ ಓಸಿಟಿ ಮಾತೇ ಬೇರೆ. ಕಣ್ಣಲ್ಲಿ ನೀರು ಸುರಿಯುವುದು, ಬೆಳಕಿಗೆ ಮುಖ ತಿರುಗಿಸುವುದು, ರೆಪ್ಪೆ ಬಿಗಿಹಿಡಿಯುವುದು, ಕಪ್ಪುಗುಡ್ಡೆ ದೊಡ್ಡದಾಗಿ ಮಸುಕಾಗುವುದು ಹುಟ್ಟು ಗ್ಲಾಕೋಮಾದ ಲಕ್ಷಣ. ಬಂದವರೆಲ್ಲ "ಎಷ್ಟು ದೊಡ್ಡ ಕಣ್ಣು, ಎಷ್ಟು ಚಂದ" ಎಂದು ಹೊಗಳುವ ಕೂಸಿನ ಕಾರ್ನಿಯಾ ಒಂದು ವರ್ಷದೊಳಗೆ 12 ಮಿ.ಮೀ. ದಾಟಿದ್ದರೆ ಅದು ಚಂದದ ಮಾತಲ್ಲ. ಆಂಧ್ರಪ್ರದೇಶದಲ್ಲಿ ನಡೆದ ಸಮೀಕ್ಷೆ ಹುಟ್ಟು ಗ್ಲಾಕೋಮಾ 3,300 ಹೆರಿಗೆಗೆ ಒಂದು ಎಂಬ ಲೆಕ್ಕ ಕೊಟ್ಟಿದೆ. ಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಸಿವೈಪಿ1ಬಿ1 ಜೀನಿನ ದೋಷ ಎರಡೂ ಕಡೆಯಿಂದ ಸೇರುವ ಸಂಭವ ಹೆಚ್ಚು. ಇಂಥ ಕೂಸಿಗೆ ಅರಿವಳಿಕೆ ಕೊಟ್ಟು ಒತ್ತಡ, ಕಾರ್ನಿಯಾದ ಅಗಲ, ಕಣ್ಣಿನ ಉದ್ದ, ಡಿಸ್ಕಿನ ಗುಳಿ ನೋಡುತ್ತಾರೆ. ಕೈಯಲ್ಲಿ ಹಿಡಿದು ಮಲಗಿದ ಮಗುವಿಗೆ ತೆಗೆಯುವ ಓಸಿಟಿಗಳು ಇವೆ, ಆದರೆ ಅಪರೂಪ. ಅವಿಲ್ಲವೆಂದು ಚಿಕಿತ್ಸೆ ನಿಲ್ಲಿಸಬೇಕಿಲ್ಲ. ಈ ವಯಸ್ಸಿನಲ್ಲಿ ಕಣ್ಣಿನ ಉದ್ದ ವಯಸ್ಸಿಗೆ ಮೀರಿ ಬೆಳೆಯುತ್ತಿದೆಯೋ ಇಲ್ಲವೋ ಎಂಬುದೇ ಓಸಿಟಿಗಿಂತ ಚೊಕ್ಕ ಸಾಕ್ಷಿ. ಅರಿವಳಿಕೆಯಲ್ಲಿ ಒತ್ತಡ ಇಳಿದು ಕಾಣುವುದರಿಂದ ಅದೊಂದನ್ನೇ ನಂಬುವ ಹಾಗೂ ಇಲ್ಲ.

ಕೂಸುಗಳ ಡಿಸ್ಕಿನ ಫೋಟೋಗೆ ನಮ್ಮ ರಾಜ್ಯದಲ್ಲಿ ಅನುಕೂಲ ಚೆನ್ನಾಗಿದೆ. ಬೆಂಗಳೂರಿನ ಫೋರಸ್ ಕಂಪನಿಯ 3ನೇತ್ರ ನಿಯೋ, ಅದೇ ಊರಿನ ರೆಮಿಡಿಯೋದ ಫೋನಿನ ಕ್ಯಾಮೆರಾ ಎರಡೂ ಇಲ್ಲೇ ತಯಾರಾದವು. ಫೋಟೋದ ದೌರ್ಬಲ್ಯ, ನೋಡುವವರ ಕಣ್ಣು. ಗುಳಿಯ ಪ್ರಮಾಣವನ್ನು, ಅಂದರೆ ಡಿಸ್ಕಿನ ಅಗಲದಲ್ಲಿ ಗುಳಿಯ ಪಾಲನ್ನು, ಒಬ್ಬರು 0.5 ಎಂದರೆ ಇನ್ನೊಬ್ಬರು 0.6 ಎನ್ನುತ್ತಾರೆ. 0.2ಕ್ಕಿಂತ ಕಡಿಮೆ ಬದಲಾವಣೆಗೆ ಬೆಲೆ ಕೊಡಬೇಡಿ, ಬರೆದ ಅಂಕೆಗಿಂತ ಹಳೆಯ ಫೋಟೋವನ್ನೇ ಪಕ್ಕದಲ್ಲಿಟ್ಟು ನೋಡಲು ಹೇಳಿ.

ಇಲ್ಲೊಂದು ಬಲೆ ಇದೆ. ಚಿಕ್ಕ ಮಗುವಿನಲ್ಲಿ ಆಪರೇಷನ್ ಆಗಿ ಒತ್ತಡ ಇಳಿದ ಮೇಲೆ ಡಿಸ್ಕಿನ ಗುಳಿ ಕಿರಿದಾಗುತ್ತದೆ. ದೊಡ್ಡವರಲ್ಲಿ ಇದು ಅಪರೂಪ. ಒತ್ತಡ ಹತೋಟಿಗೆ ಬಂದ ಒಳ್ಳೆಯ ಗುರುತು, ಸಂತೋಷ. ಆದರೆ ಸತ್ತ ನರತಂತು ಮತ್ತೆ ಹುಟ್ಟಿತೆಂದಲ್ಲ. ಹಿಂದಕ್ಕೆ ಬಾಗಿದ್ದ ಮೆತ್ತನೆಯ ಅಂಗಾಂಶ ಮುಂದಕ್ಕೆ ಮರಳಿದೆ, ಅಷ್ಟೆ. ಓಸಿಟಿಯಲ್ಲಿ ಪದರದ ದಪ್ಪ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಫೋಟೋ ಸುಧಾರಿಸಿದೆ, ಓಸಿಟಿ ಸುಧಾರಿಸಿಲ್ಲ ಎಂದರೆ ಎರಡೂ ನಿಜವನ್ನೇ ಹೇಳುತ್ತಿವೆ. ಇದಕ್ಕೆ ತಿರುಗಾಮುರುಗಾ, ಓಸಿಟಿ ಅಂಕೆ ಹಠಾತ್ತನೆ 15–20 ಮೈಕ್ರಾನ್ ಏರಿದರೆ ಖುಷಿಪಡಬೇಡಿ. ಕಣ್ಣೊಳಗಿನ ಉರಿಯೂತದಿಂದಲೋ ತಲೆಯೊಳಗಿನ ಒತ್ತಡದಿಂದಲೋ ನರ ಊದಿರಬಹುದು. ಅಂದೇ ವೈದ್ಯರಿಗೆ ತೋರಿಸಿ.

ಓಸಿಟಿ ಪೂರ್ತಿ ಕೈಬಿಡುವ ಘಟ್ಟವೂ ಉಂಟು. ಸರಾಸರಿ 50–55 ಮೈಕ್ರಾನಿಗೆ ಇಳಿದ ಮೇಲೆ ಉಳಿಯುವುದು ರಕ್ತನಾಳ ಮತ್ತು ಆಧಾರದ ಅಂಗಾಂಶ. ಆಮೇಲೆ ಕಣ್ಣು ಕೆಡುತ್ತಿದ್ದರೂ ಅಂಕೆ ಕದಲುವುದಿಲ್ಲ. ಆ ಮಗುವಿಗೆ ಫೀಲ್ಡ್ ಪರೀಕ್ಷೆಯೇ, ಅಂದರೆ ನೋಟ ಸುತ್ತಲೂ ಎಷ್ಟು ದೂರ ಹರಿಯುತ್ತದೆ ಎಂದು ನೋಡುವ ಪರೀಕ್ಷೆಯೇ, ಗತಿ. ಏಳೆಂಟು ವರ್ಷದ ಮೇಲೆ ಅದು ಒಂದು ಮಟ್ಟಿಗೆ ನಂಬುವಂತೆ ಬರುತ್ತದೆ, ಮೊದಲ ಎರಡು ಸಲದ್ದನ್ನು ಕಲಿಕೆಗೆಂದು ಬಿಟ್ಟುಬಿಡಬೇಕು.

ಓಸಿಟಿ ನಿಜವಾಗಿ ಮಿಂಚುವುದು ಇನ್ನೊಂದು ಕಡೆ: ಹುಟ್ಟಿನಿಂದಲೇ ದೊಡ್ಡ ಡಿಸ್ಕು, ದೊಡ್ಡ ಗುಳಿ ಇರುವ, ಒತ್ತಡ ಸಾಮಾನ್ಯ ಇರುವ ಮಗುವಿನಲ್ಲಿ. ಗುಳಿ 0.7 ಕಂಡು ಗ್ಲಾಕೋಮಾ ಎಂದು ಹೆದರಿಸಿ ಕಳಿಸಿದ ಮಕ್ಕಳಲ್ಲಿ ಪದರ ದಪ್ಪವಾಗಿ, ವರ್ಷದಿಂದ ವರ್ಷಕ್ಕೆ ಕದಲದೆ ನಿಂತಿದ್ದರೆ ಹನಿಯ ಅಗತ್ಯವಿಲ್ಲ ಎಂದು ವೈದ್ಯರು ಧೈರ್ಯವಾಗಿ ಹೇಳಬಹುದು. ಹನಿಗಳೂ ನಿರುಪದ್ರವಿಯಲ್ಲ: ಬ್ರಿಮೊನಿಡಿನ್ ಎರಡು ವರ್ಷದೊಳಗಿನ ಕೂಸಿಗೆ ಹಾಕಲೇಬಾರದು, ಉಸಿರಾಟ ಕುಗ್ಗುತ್ತದೆ, ಟಿಮೊಲಾಲ್ ಮಳೆಗಾಲದಲ್ಲಿ ಉಬ್ಬಸ ಬರುವ ಮಗುವಿಗೆ ಅಪಾಯ.

ಹಾಗೆಯೇ ಕಣ್ಣು ತುರಿಕೆಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಹನಿ. ಸೀಸೆಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಕೆಂಪು ಬೇಗ ಇಳಿಯುವುದರಿಂದ ಮನೆಯವರು ತಿಂಗಳುಗಟ್ಟಲೆ ಹಾಕುತ್ತಾರೆ. ಒತ್ತಡ ಏರಲು ಕೆಲವು ವಾರ ಸಾಕು. ನಿಲ್ಲಿಸಿದರೆ ಒತ್ತಡ ಹೆಚ್ಚಾಗಿ ಇಳಿಯುತ್ತದೆ, ಹೋದ ನರತಂತು ಬರುವುದಿಲ್ಲ. ವೈದ್ಯರೇ ಬರೆದ ದೀರ್ಘ ಸ್ಟೀರಾಯ್ಡ್ ಹನಿ ಇದ್ದರೆ ಶುರುವಿನಲ್ಲೇ ಒಂದು ಓಸಿಟಿ ಮಾಡಿಸಿಟ್ಟುಕೊಂಡರೆ ಮುಂದೆ ಹೋಲಿಸಲು ಆಧಾರ ಸಿಗುತ್ತದೆ.

ನಮ್ಮ ಹವೆಯ ಬಗ್ಗೆ ಎರಡು ಮಾತು, ಏಕೆಂದರೆ ಯಂತ್ರದ ಕೈಪಿಡಿ ಆಗುಂಬೆಯ ಮಳೆ ಕಂಡು ಬರೆದದ್ದಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಎಸಿ ಇಲ್ಲದ ಕೋಣೆಯಲ್ಲಿಟ್ಟ ಯಾವ ಮಸೂರಕ್ಕೂ ಬೂಷ್ಟು ಹಿಡಿಯುತ್ತದೆ. ಎಲ್ಲರ ಸಿಗ್ನಲ್ಲೂ ನಿಧಾನವಾಗಿ 9ರಿಂದ 7ಕ್ಕೆ ಇಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮಕ್ಕಳ ಮೂಗು, ಬೆರಳು ತಾಗಿದ ಎಣ್ಣೆಗುರುತೂ ಅಷ್ಟೇ ಕೆಲಸ ಕೆಡಿಸುತ್ತದೆ. ತೇವ ಹೀರುವ ಯಂತ್ರ, ಮುಚ್ಚಳ, ಮಸೂರದ ಬಟ್ಟೆ, ಗಟ್ಟಿ ಯುಪಿಎಸ್ ಇಟ್ಟುಕೊಂಡ ಕೇಂದ್ರವನ್ನೇ ಆರಿಸಿ. ಸ್ಕ್ಯಾನ್ ಉಳಿಸುವ ಹೊತ್ತಿಗೆ ಕರೆಂಟು ಹೋದರೆ ಮಗುವನ್ನು ಮತ್ತೆ ಕೂರಿಸಬೇಕು.

ಎಷ್ಟು ದಿನಕ್ಕೊಮ್ಮೆ? ಒತ್ತಡ ಹತೋಟಿಯಲ್ಲಿದ್ದರೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಸಾಕು. ಅನುಮಾನ ಇದ್ದರೆ ಮೂರು ನಾಲ್ಕು ತಿಂಗಳಿಗೆ. ಬೇಸಿಗೆ ರಜೆ ಮತ್ತು ದಸರಾ ರಜೆಯ ನಡುವೆ ಸರಿಸುಮಾರು ಆರು ತಿಂಗಳು. ಶಾಲೆ ತಪ್ಪುವುದಿಲ್ಲ, ಜಡಿಮಳೆಯಲ್ಲಿ ಬಸ್ಸಿನ ಪಾಡೂ ಇಲ್ಲ. ಬೆಳಗಿನ ಹೊತ್ತು, ಮಗುವಿನ ಹೊಟ್ಟೆ ತುಂಬಿರುವಾಗ ತೆಗೆಸಿ. ದೂರದಿಂದ ಘಾಟಿಯಲ್ಲಿ ವಾಂತಿ ಮಾಡಿಕೊಂಡು ಬಂದ ಮಗುವನ್ನು ಇಳಿದ ಕೂಡಲೇ ಯಂತ್ರದ ಮುಂದೆ ಕೂರಿಸಬೇಡಿ. ಒತ್ತಡ ಏರಿ ಕಾರ್ನಿಯಾ ಮಂಜಾಗಿದ್ದರೆ ಮೊದಲು ಒತ್ತಡ ಇಳಿಸಿ, ಸ್ಕ್ಯಾನು ಆಮೇಲೆ. ಆ ದಿನದ ದುಡ್ಡು ದಂಡ.

ರಿಪೋರ್ಟನ್ನು ಬಣ್ಣದಲ್ಲೇ ಪಡೆಯಿರಿ. ಕಪ್ಪುಬಿಳುಪು ಜೆರಾಕ್ಸಿನಲ್ಲಿ ಡಿಸ್ಕಿನ ಗೆರೆ ಯಾವುದು, ಗುಳಿಯ ಗೆರೆ ಯಾವುದು ಎಂದು ಬೇರೆಯಾಗುವುದಿಲ್ಲ. ಫೋಟೋ ಕಾಗದದ ಹಾಳೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡು ಕಿತ್ತರೆ ಶಾಯಿಯೇ ಬರುತ್ತದೆ, ನಡುವೆ ಬಿಳಿ ಕಾಗದ ಇಡಿ. ಪಿಡಿಎಫ್ ಕೇಳಿ ಪಡೆದು ಫೋನಿನಲ್ಲೂ ಇಮೇಲಿನಲ್ಲೂ ಇಟ್ಟುಕೊಳ್ಳಿ. ಪ್ರತಿ ಸಲವೂ ಅದೇ ಹೆಸರು, ಅದೇ ಆಸ್ಪತ್ರೆ ನಂಬರಿನಲ್ಲಿ ನೋಂದಾಯಿಸಿ: ಒಮ್ಮೆ ಅಪ್ಪನ ಹೆಸರು ಸೇರಿಸಿ, ಒಮ್ಮೆ ಇನಿಷಿಯಲ್ ಬಿಟ್ಟು ಬರೆಸಿದರೆ ಯಂತ್ರದ ಲೆಕ್ಕದಲ್ಲಿ ಅವು ಎರಡು ಮಕ್ಕಳು, ಹಿಂದಿನ ಸ್ಕ್ಯಾನಿನ ಜೊತೆ ಹೋಲಿಕೆ ಬರುವುದೇ ಇಲ್ಲ.